ಕಿದ್ದುಷ್ ಬಟ್ಟಲಿಗೆ ಒಣದ್ರಾಕ್ಷಿ ಶರಬತ್ತು

ನಾನು ಧಾರವಾಡದವಳು. ಪುಣೆಯಲ್ಲಿ ಕುಡಿತ ಬಿಡುವವರಿಗೆ ಕೌನ್ಸೆಲಿಂಗ್ ಮಾಡುತ್ತೇನೆ. ಇಲ್ಲಿ ಮರಾಠಿ ಮಾತಾಡುವ ಬೆನೆ ಇಸ್ರೇಲಿ ಯಹೂದಿ ಮನೆಗಳಿವೆ. ಅವರ ಸಿನಗಾಗ್‌ನವರು, ಅಂದರೆ ಪ್ರಾರ್ಥನಾ ಮಂದಿರದವರು, "ನಮ್ಮವನೊಬ್ಬ ಕುಡಿತ ಬಿಡ್ತಿದ್ದಾನೆ, ನಾವೇನು ಮಾಡೋಣ ತಾಯಿ?" ಅಂದರೆ ನಾನು ಬಟ್ಟಲಿನಿಂದಲೇ ಶುರು ಮಾಡುತ್ತೇನೆ.

ಶುಕ್ರವಾರ ಸಂಜೆ ಸಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿ ದಿನ, ಬಂದಾಗ ದ್ರಾಕ್ಷಾರಸದ (ವೈನ್) ಬಟ್ಟಲು ಹಿಡಿದು ಕಿದ್ದುಷ್ ಎಂಬ ಪ್ರಾರ್ಥನೆ ಹೇಳುತ್ತಾರೆ. ದೇವರ ಹೆಸರಿನಲ್ಲಿ ಒಂದು ಗುಟುಕು, ಏನಾಗುತ್ತೆ ಅಂತ ಹಿರಿಯರು ಕೇಳುತ್ತಾರೆ. ಆಗುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತಗೊಳ್ಳುವವರಿಗೆ ಸ್ವಲ್ಪ ವೈನ್ ಹೋದರೂ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಡವ ಅನ್ನಬಹುದು. ಉಪಾಯ ಅವರ ಅಡುಗೆಮನೆಯಲ್ಲೇ ಇದೆ. ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿದ ಶರಬತ್ತು. ಬೆನೆ ಇಸ್ರೇಲಿಗಳು ಹಿಂದಿನಿಂದಲೂ ಕಿದ್ದುಷ್‌ಗೆ ಇದನ್ನು ಬಳಸಿದವರೇ. ತಾಜಾ ಮಾಡಿ, ಹುಳಿ ಬರಲು ಬಿಡಬೇಡಿ. ಮತ್ತೆ, ಎಲ್ಲರಿಗೂ ಅದನ್ನೇ ಕೊಡಿ! ಒಬ್ಬನಿಗೆ ಮಾತ್ರ ಬೇರೆ ಲೋಟ ಇಟ್ಟರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ, ಅಲ್ವಾ? ಪೆಸಾಹ್ ಹಬ್ಬದ ರಾತ್ರಿ ಕುಡಿಯುವ 4 ಬಟ್ಟಲಿಗೂ ಇದೇ ಸಾಕು. ಪುರಿಮ್ ಹಬ್ಬದಲ್ಲಿ ಕುಡಿಯುವ ರೂಢಿ ಇದೆ. ಅವತ್ತು ಅವನು ಬೇಗ ಎದ್ದು ಹೊರಟರೆ ಸುಮ್ನೆ ಬಿಟ್ಟುಬಿಡಿ.

ಇನ್ನು ಮಿನ್ಯಾನ್. ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ 10 ಗಂಡಸರು ಸೇರಬೇಕು. ಸಣ್ಣ ಸಮುದಾಯಕ್ಕೆ ಅಷ್ಟು ಜನ ಕೂಡುವುದೇ ಕಷ್ಟ. "ಬಾರಪ್ಪ, ಒಬ್ಬರು ಕಮ್ಮಿ ಬಿದ್ದಿದ್ದಾರೆ" ಅಂತ ಅವನಿಗೆ ಫೋನ್ ಮಾಡಿ. ಉಪದೇಶಕ್ಕಿಂತ ಈ ಕರೆಗೆ ಬೆಲೆ ಜಾಸ್ತಿ. ಚಂದಾ ಹಣದ ಪೆಟ್ಟಿಗೆ ಮಾತ್ರ ಸದ್ಯಕ್ಕೆ ಅವನ ಕೈಗೆ ಬೇಡ.

ದಿನಾ ವಿಪರೀತ ಕುಡಿಯುವವರಿಗೆ ಇವತ್ತೇ ಬಿಡು ಅಂತ ಆಣೆ ಹಾಕಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಮೊದಲ 2-3 ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಪ್ರಾಣವೂ ಹೋಗಬಹುದು. ಡಾಕ್ಟರ ಕಣ್ಗಾವಲಿನಲ್ಲೇ ಬಿಡಿಸಬೇಕು. ಪುಣೆಯಲ್ಲಿ 1986ರಿಂದ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರವಿದೆ. ದಾರಿ ತೋಚದಿದ್ದರೆ 14446 ಸಹಾಯವಾಣಿ ಇದೆ.

ಸಬ್ಬತ್ ದಿನ ಫೋನ್ ಮುಟ್ಟದ ಮನೆಗಳೂ ಉಂಟು. ಆದರೆ ಜೀವ ಉಳಿಸಲು ಸಬ್ಬತ್ ಮುರಿಯಲೇಬೇಕು ಅನ್ನುತ್ತದೆ ಅವರ ಧರ್ಮಶಾಸ್ತ್ರ. ಫಿಟ್ಸ್ ಬಂತೋ, ಕೂಡಲೇ 108ಕ್ಕೆ ಕರೆ ಮಾಡಿ. ಯೋಮ್ ಕಿಪ್ಪುರ್ ಉಪವಾಸದ ದಿನ ಮಾತ್ರೆ ಏನು ಮಾಡುವುದು ಅಂತ ಹಬ್ಬಕ್ಕೆ ಮೊದಲೇ ಡಾಕ್ಟರನ್ನೂ ರಬ್ಬಿಯನ್ನೂ (ಯಹೂದಿ ಧರ್ಮಗುರು) ಕೇಳಿಡಿ.