ಕ್ಯಾಬಿನ್ ಕತ್ತರಿಸದೆ ಜೆಸಿಬಿಯನ್ನು ಕಂಟೈನರಿನೊಳಗೆ ಹೊಗಿಸಿದ ನನ್ನ ಅನುಭವ

ಹಳೆಯ ಜೆಸಿಬಿಗಳನ್ನು ಕೊಂಡು ದುರಸ್ತಿ ಮಾಡಿ ಮಂಗಳೂರಿನಿಂದ ಪೂರ್ವ ಆಫ್ರಿಕಕ್ಕೆ ಕಳುಹಿಸುವ ಕೆಲಸಕ್ಕೆ ನಾನು ಇಳಿದು ಏಳೆಂಟು ವರ್ಷಗಳಾದವು. ಬೈಕಂಪಾಡಿಯಲ್ಲಿ ಬಾಡಿಗೆಯ ಶೆಡ್ಡು, ಮೂವರು ಮೆಕ್ಯಾನಿಕ್‌ಗಳು, ಒಬ್ಬ ವೆಲ್ಡರ್. ಯಂತ್ರವನ್ನು ಮೇಲ್ಛಾವಣಿಯೂ ಪಕ್ಕದ ಗೋಡೆಗಳೂ ಇಲ್ಲದ ತೆರೆದ ಕಂಟೈನರಾದ ಫ್ಲಾಟ್ ರ್ಯಾಕ್‌ನಲ್ಲಿ ಕಳುಹಿಸಿದರೆ ಲಾಭವೆಲ್ಲ ಹಡಗಿನ ಬಾಡಿಗೆಗೇ ಹೋಗುತ್ತಿತ್ತು. ಆಗ ಫ್ಲಾಟ್ ರ್ಯಾಕ್‌ಗೂ ನಲವತ್ತು ಅಡಿಯ ಹೈಕ್ಯೂಬ್ (ಮಾಮೂಲಿಗಿಂತ ಎತ್ತರದ, ಮುಚ್ಚಿದ) ಕಂಟೈನರಿಗೂ ನನಗೆ ಸಿಕ್ಕ ದರಗಳ ನಡುವೆ ಎರಡೂವರೆ ಲಕ್ಷದಷ್ಟು ವ್ಯತ್ಯಾಸವಿತ್ತು. ಇಡೀ ಯಂತ್ರವನ್ನು ಹೈಕ್ಯೂಬ್‌ನೊಳಗೆ ಹೊಗಿಸುತ್ತೇನೆಂದಾಗ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವ ನಮ್ಮ ಕ್ಲಿಯರಿಂಗ್ ಏಜೆಂಟರು, "ಬಾಗಿಲಿನ ಎತ್ತರ ಎರಡು ಮೀಟರ್ ಐವತ್ತೆಂಟು, ನಿಮ್ಮ ಕ್ಯಾಬಿನ್ ಎರಡು ತೊಂಬತ್ತು. ಲೆಕ್ಕ ನೀವೇ ಮಾಡಿ ಮಾರಾಯರೇ" ಎಂದು ನಕ್ಕಿದ್ದರು.

ಮೊದಲ ಯಂತ್ರದಲ್ಲಿ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಕ್ಯಾಬಿನ್ನಿನ ನಾಲ್ಕು ಕಂಬಗಳನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿ, ಮೇಲ್ಭಾಗವನ್ನು ಪಕ್ಕಕ್ಕಿಟ್ಟು ಕಳುಹಿಸಿದೆ. ಅಲ್ಲಿ ಅದನ್ನು ಸೊಟ್ಟಗೆ ವೆಲ್ಡ್ ಮಾಡಿದರು, ಎರಡು ಗಾಜು ಒಡೆದವು, ಬಾಗಿಲು ಕೂರಲಿಲ್ಲ. ಗಿರಾಕಿ ಸುಮಾರು ಒಂದೂವರೆ ಲಕ್ಷ ಮುರಿದುಕೊಂಡ. ಯಂತ್ರ ಮಗುಚಿದಾಗ ಚಾಲಕನ ತಲೆ ಕಾಯುವ ಕಂಬಗಳನ್ನು ಕತ್ತರಿಸಿ ಅಂಟಿಸುವುದು ಸರಿಯಲ್ಲವೆಂಬುದು ನನಗೂ ಗೊತ್ತಿತ್ತು, ಅವಸರದಲ್ಲಿ ಮಾಡಿದ್ದೆ. ಎರಡನೆಯ ಸಲ ಕ್ಯಾಬಿನ್ನನ್ನು ಬೋಲ್ಟ್ ಸಮೇತ ಬಿಚ್ಚಿ ಕ್ರೇನಿನಿಂದ ಎತ್ತಿಸಿದೆವು. ವೈರಿಂಗ್, ಹೋಸ್ ಪೈಪುಗಳು, ಲಿವರ್‌ಗಳು ಎಲ್ಲಕ್ಕೂ ಚೀಟಿ ಕಟ್ಟಿ ಬಿಚ್ಚಲು ಎರಡು ದಿನ ಹಿಡಿಯಿತು. ಅಲ್ಲಿ ಅದನ್ನು ಜೋಡಿಸಿದವರಿಗೆ ಚೀಟಿ ಓದುವ ತಾಳ್ಮೆ ಇರಲಿಲ್ಲ. ಹದಿನೈದು ದಿನ ಫೋನಿನಲ್ಲಿಯೇ ರಿಪೇರಿ ನಡೆಯಿತು.

ಮೂರನೆಯ ಸಲ ಕ್ಯಾಬಿನ್ನಿನ ಗೊಡವೆ ಬಿಟ್ಟು ಚಕ್ರಗಳ ಕಡೆ ನೋಡಿದೆ. ಹಿಂದಿನ ದೊಡ್ಡ ಟೈರ್ ತೆಗೆದರೆ ಯಂತ್ರ ಅಡಿಗಿಂತ ಹೆಚ್ಚು ಕೆಳಗಿಳಿಯುತ್ತದೆ, ಅಗಲವೂ ತಗ್ಗುತ್ತದೆ. ಚಕ್ರ ಕೂರುವ ಹಬ್‌ಗಳ ಕೆಳಗೆ ಕಬ್ಬಿಣದ ಚಾನೆಲ್‌ನ ಜಾರುಬಂಡಿಯನ್ನು ಇಟ್ಟು ವಿಂಚಿನಿಂದ ಎಳೆಸಿದೆ. ಕಂಟೈನರಿನ ನೆಲ ಬರೀ 28 ಎಂ.ಎಂ. ದಪ್ಪದ ಪ್ಲೈವುಡ್, ಚಾನೆಲ್‌ನ ಅಂಚು ಸಿಕ್ಕಿಕೊಂಡು ನಾಲ್ಕು ಅಡಿ ಉದ್ದಕ್ಕೆ ಅದನ್ನು ಸೀಳಿಬಿಟ್ಟಿತು. ಅದರ ದಂಡ ನನ್ನ ನೆನಪಿನಲ್ಲಿ ಮೂವತ್ತೆಂಟು ಸಾವಿರ.

ಆಮೇಲೆ ಹೊಳೆದದ್ದು ಫೋರ್ಕ್‌ಲಿಫ್ಟ್ ಚಕ್ರ. 7.00-12 ಅಳತೆಯ ಗಟ್ಟಿ ರಬ್ಬರಿನ ಟೈರುಗಳು ಗುಜರಿಯಲ್ಲಿ ಸಿಗುತ್ತವೆ, ವ್ಯಾಸ 67 ಸೆಂ.ಮೀ. ಆಸುಪಾಸು. ಹಿಂದಿನ ಹಬ್‌ನ ಸ್ಟಡ್‌ಗಳಿಗೆ ಹೊಂದುವ ಉಕ್ಕಿನ ತಟ್ಟೆಯನ್ನು ಲೇತ್‌ನಲ್ಲಿ ಮಾಡಿಸಿ, ಅದರ ಹೊರಗೆ ಈ ಚಕ್ರವನ್ನು ಕೂರಿಸಿದೆ. ತಟ್ಟೆಯ ದಪ್ಪವೆಷ್ಟು, ಅದಕ್ಕೆ ಕೊಟ್ಟ ಒಳಬಾಗು ಎಷ್ಟು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಎರಡು ತಟ್ಟೆಗಳನ್ನು ಬಗ್ಗಿಸಿಕೊಂಡು ಕಲಿತದ್ದು ಅದು. ಈ ಚಕ್ರಗಳ ಮೇಲೆ ಯಂತ್ರ ತನ್ನ ಎಂಜಿನ್ನಿನಿಂದಲೇ ಚಲಿಸುತ್ತದೆ, ಬ್ರೇಕೂ ಹಿಡಿಯುತ್ತದೆ, ಚಕ್ರ ಚಿಕ್ಕದಾದ್ದರಿಂದ ವೇಗವೂ ಅರ್ಧಕ್ಕಿಳಿದು ಕೆಲಸಕ್ಕೆ ಅನುಕೂಲವಾಗುತ್ತದೆ. ಗೇರ್‌ಬಾಕ್ಸ್ ಕೆಳಗಿನ ರಕ್ಷಣಾ ತಗಡನ್ನು ಬಿಚ್ಚದಿದ್ದರೆ ಮಾತ್ರ ಅದು ನೆಲಕ್ಕೆ ತಾಗುತ್ತದೆ.

ಇಷ್ಟಾದರೂ ಮೊದಲ ಪ್ರಯತ್ನದಲ್ಲಿ ಕ್ಯಾಬಿನ್ನಿನ ಮುಂದಿನ ಅಂಚು ಬಾಗಿಲಿನ ಮೇಲ್ಪಟ್ಟಿಗೆ ಬಡಿಯಿತು. ಹಿಂಭಾಗ ಇಳಿದಿತ್ತು, ಮುಂಭಾಗ ಇಳಿದಿರಲಿಲ್ಲ. ಯಂತ್ರ ನಾಯಿ ಕುಳಿತಂತೆ ಕುಳಿತಿತ್ತು. ಮುಂದಿನ ಚಕ್ರಗಳನ್ನೂ ತೆಗೆದು ಆಕ್ಸಲ್ಲಿನ ಕೆಳಗೆ ಗಿಡ್ಡ ರೋಲರ್ ಟ್ರಾಲಿಯನ್ನು ಕೊಟ್ಟೆವು. ಸ್ಟೀರಿಂಗ್ ಇಲ್ಲದ್ದರಿಂದ ಇಬ್ಬರು ಹಾರೆಕೋಲಿನಿಂದ ದಾರಿ ತಿದ್ದುತ್ತಾ ಹೋಗಬೇಕು. ಕ್ಯಾಬಿನ್ ಮೇಲಿನ ದೀಪವನ್ನೂ ಹೊರಹೊದಿಕೆಯನ್ನೂ ಬಿಚ್ಚಿ ಇನ್ನೂ ಮೂರು ನಾಲ್ಕು ಸೆಂ.ಮೀ. ಗಳಿಸಿದೆವು. ಆದರೂ ಮತ್ತೆ ಬಡಿಯಿತು! ಅರ್ಧ ದಿನ ಟೇಪು ಹಿಡಿದು ಹುಡುಕಿದ ಮೇಲೆ ಕಾರಣ ತಿಳಿಯಿತು: ಇಳಿಜಾರಿನಿಂದ ಕಂಟೈನರಿಗೆ ಹಾಸಿದ್ದ ದಪ್ಪ ತಗಡಿನ ತುದಿಯ ಮೇಲೆ ಹಿಂದಿನ ಚಕ್ರ ಏರುವ ಗಳಿಗೆಯಲ್ಲೇ ಕ್ಯಾಬಿನ್ ಬಾಗಿಲಿನ ಕೆಳಗೆ ಬರುತ್ತಿತ್ತು. ತಗಡನ್ನು ಬದಲಿಸಿ 5 ಎಂ.ಎಂ.ನ ಎರಡು ಉದ್ದ ಪಟ್ಟಿಗಳನ್ನು ಒಳಗಿನವರೆಗೂ ಹಾಸಿದೆ. ಪ್ಲೈವುಡ್ಡಿಗೂ ಅದೇ ಕಾವಲಾಯಿತು. ಮೂರು ಬೆರಳಿನ ಅಂತರದಲ್ಲಿ ಯಂತ್ರ ಒಳಗೆ ಹೋಯಿತು. ಅಂದು ಏಜೆಂಟರು ತಾವಾಗಿಯೇ ಬಂದು ಫೋಟೊ ತೆಗೆದುಕೊಂಡರು.

ಮುಂದಿನ ಬಕೆಟ್ಟನ್ನು ಬಿಚ್ಚಲೇಬೇಕು, ಅದು ಬಾಗಿಲಿನಷ್ಟೇ ಅಗಲ. ಆದರೆ ಹಿಂದಿನ ಬೂಮನ್ನು, ಅಂದರೆ ಅಗೆಯುವ ತೋಳನ್ನು, ನಾನು ಬಿಚ್ಚುವುದಿಲ್ಲ. ಒಳಗೆ ಹನ್ನೆರಡು ಮೀಟರ್ ಉದ್ದವಿರುವಾಗ ತೋಳನ್ನು ಹಿಂದಕ್ಕೆ ಚಾಚಿ, ಆದಷ್ಟು ಕೆಳಗೆ ಮಲಗಿಸಿದರೆ ಸಾಕು. ಬಿಚ್ಚದ್ದರಿಂದ ಹೈಡ್ರಾಲಿಕ್ ಪೈಪುಗಳಿಗೆ ಧೂಳು ಹೊಗುವ ಭಯವಿಲ್ಲ. ಚಾಚಿದ ತೋಳಿನ ಒಂದು ಪಕ್ಕದಲ್ಲಿ ದೊಡ್ಡ ಟೈರುಗಳು, ಮುಂದಿನ ಖಾಲಿ ಜಾಗದಲ್ಲಿ ಬಕೆಟ್ಟು. ಒಮ್ಮೆ ಆಸೆಗೆ ಬಿದ್ದು ಬೂಮ್ ಬಿಚ್ಚಿ ಒಂದೇ ಕಂಟೈನರಿನಲ್ಲಿ ಎರಡು ಯಂತ್ರಗಳನ್ನು ಇಡಿಸಿದೆ. ಯಂತ್ರಗಳು ಹಿಡಿದವು, ಟೈರು, ಬೂಮು, ಬಕೆಟ್ಟುಗಳಿಗೆ ಜಾಗ ಉಳಿಯಲಿಲ್ಲ. ಅವುಗಳನ್ನು ಬೇರೆ ಕಳುಹಿಸಿದ ಖರ್ಚಿನಲ್ಲಿ ಉಳಿತಾಯವೆಲ್ಲ ಕರಗಿತು, ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ.

ಕಟ್ಟುವ ವಿಚಾರದಲ್ಲಿ ಒಂದು ಮಾತು. ಕಂಟೈನರಿನ ನೆಲದ ಬಳಿಯ ಬಳೆಗಳನ್ನಷ್ಟೇ ನಂಬಿ ಏಳು ಟನ್ನಿಗೂ ಮೀರಿದ ಯಂತ್ರವನ್ನು ಸರಪಣಿಯಿಂದ ಕಟ್ಟಬಾರದು. ನಾನು ಫ್ರೇಮಿನ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟು ಭಾರವನ್ನು ಹರಡಿ, ನಾಲ್ಕೂ ಕಡೆ ಅಡ್ಡಮರ ಹೊಡೆಸುತ್ತೇನೆ. ಆ ಮರ ಹುಳು ಸಾಯುವಂತೆ ಶಾಖ ಕೊಟ್ಟು ಮುದ್ರೆ ಒತ್ತಿದ್ದೇ ಆಗಿರಬೇಕು. ಒಮ್ಮೆ ನೂರು ರೂಪಾಯಿ ಉಳಿಸಲು ಹಲಸಿನ ತುಂಡುಗಳನ್ನು ಹಾಕಿ, ಇಡೀ ಕಂಟೈನರನ್ನು ಮತ್ತೆ ತೆರೆಸಿದ್ದೇನೆ. ಡೀಸೆಲ್ ಖಾಲಿ ಮಾಡಿ ಬ್ಯಾಟರಿ ತಂತಿ ಕಳಚುವುದು ನಿಮಗೆ ಗೊತ್ತಿದ್ದದ್ದೇ.

ಮೊದಲ ಜೊತೆ ಚಕ್ರ ಮತ್ತು ತಟ್ಟೆಗಳಿಗೆ ನಲವತ್ತೆರಡು ಸಾವಿರ ತಗುಲಿತ್ತು, ಈಗ ಇಪ್ಪತ್ತೆಂಟರೊಳಗೆ ಮುಗಿಯುತ್ತದೆ. ಕೂಲಿ, ಕ್ರೇನು, ಮರ ಎಲ್ಲ ಸೇರಿ ಯಂತ್ರವೊಂದಕ್ಕೆ ಎಪ್ಪತ್ತು ಸಾವಿರದ ಹತ್ತಿರ. ಅಲ್ಲಿ ಇಳಿಸಲು ಬೇಕಾದ್ದರಿಂದ ಚಕ್ರಗಳು ಯಂತ್ರದೊಂದಿಗೇ ಹೋಗುತ್ತವೆ, ಮರಳುವುದಿಲ್ಲ. ಆ ಖರ್ಚೂ ಇದರಲ್ಲೇ ಸೇರಿದೆ. ಇದುವರೆಗೆ ಹೀಗೆ ಹನ್ನೊಂದು ಯಂತ್ರಗಳು ಹೋಗಿವೆ. ಹೋದ ತಿಂಗಳು ಅದೇ ಏಜೆಂಟರು ಬೇರೊಬ್ಬ ಗಿರಾಕಿಗಾಗಿ ಒಂದು ಜೊತೆ ಚಕ್ರ ಕೇಳಿದರು. ಚಕ್ರ ಕೊಡುತ್ತೇನೆ, ತಟ್ಟೆ ಮಾತ್ರ ನನ್ನ ಶೆಡ್ಡಿನಲ್ಲೇ ಕೂರಿಸಿಕೊಂಡು ಹೋಗಬೇಕು ಎಂದಿದ್ದೇನೆ.