ವಿಂಡೋಸ್ ಜೊತೆಗೇ ಶುರುವಾಗುವ ಸರ್ವಿಸ್‌ಗಳನ್ನು ಹದ್ದುಬಸ್ತಿನಲ್ಲಿಡುವ ಬಗೆ

ವಿಂಡೋಸ್ ಗಣಕ ಆನ್ ಆದಾಗ, ನಾವು ಪಾಸ್‌ವರ್ಡ್ ಕೊಡುವ ಮೊದಲೇ, ಪರದೆಯ ಮೇಲೆ ಕಾಣದೆ ಹಿನ್ನೆಲೆಯಲ್ಲಿ ಓಡುವ ತಂತ್ರಾಂಶಗಳಾದ ಹತ್ತಾರು ಸರ್ವಿಸ್‌ಗಳು ಸದ್ದಿಲ್ಲದೆ ಕೆಲಸ ಆರಂಭಿಸಿರುತ್ತವೆ. ಲಾಗಿನ್ ಆದ ಮೇಲೆ ತೆರೆದುಕೊಳ್ಳುವ ಸ್ಟಾರ್ಟಪ್ ಆ್ಯಪ್‌ಗಳೇ ಬೇರೆ, ಇವೇ ಬೇರೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಏನನ್ನು ಬದಲಿಸಿದರೂ ಅದು ಸರ್ವಿಸ್‌ಗಳಿಗೆ ತಾಗುವುದಿಲ್ಲ.

ಸ್ಟಾರ್ಟ್ ಮೆನುವಿನಲ್ಲಿ 'ಸರ್ವಿಸಸ್' ಎಂದು ಹುಡುಕಿ, ಸಿಗುವ ಆ್ಯಪನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪಟ್ಟಿಯಲ್ಲಿರುವ ಯಾವುದೇ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ 'ಸ್ಟಾರ್ಟಪ್ ಟೈಪ್' ಎಂಬಲ್ಲಿ ನಾಲ್ಕು ಆಯ್ಕೆಗಳು ಕಾಣುತ್ತವೆ. 'ಆಟೊಮ್ಯಾಟಿಕ್' ಎಂದರೆ ಗಣಕದೊಂದಿಗೇ ಶುರು. 'ಡಿಲೇಯ್ಡ್ ಸ್ಟಾರ್ಟ್' ಎಂದರೆ ಆ ಮೊದಲ ನೂಕುನುಗ್ಗಲು ತಗ್ಗಿದ ಮೇಲೆ ಶುರು. 'ಮ್ಯಾನ್ಯುಯಲ್' ಎಂಬ ಹೆಸರು ಮಾತ್ರ ದಾರಿ ತಪ್ಪಿಸುತ್ತದೆ. ಪ್ರತಿ ಸಲ ನಾವೇ ಶುರು ಮಾಡಬೇಕೆಂದು ಅದರ ಅರ್ಥವಲ್ಲ, ವಿಂಡೋಸ್ ಆಗಲಿ ಬೇರೊಂದು ತಂತ್ರಾಂಶವಾಗಲಿ ಬೇಕೆನಿಸಿದಾಗ ಅದನ್ನು ಎಬ್ಬಿಸಬಹುದು. 'ಡಿಸೇಬಲ್ಡ್' ಆದದ್ದು ಯಾರು ಕರೆದರೂ ಏಳುವುದಿಲ್ಲ. ಆದ್ದರಿಂದ ಅನುಮಾನವಿದ್ದಲ್ಲಿ 'ಮ್ಯಾನ್ಯುಯಲ್' ಸಾಕು ಎಂಬುದು ನನ್ನ ಅಭಿಪ್ರಾಯ.

ಕೈ ಹಾಕುವ ಮುನ್ನ 'ಡಿಪೆಂಡೆನ್ಸೀಸ್' ಟ್ಯಾಬನ್ನು ನೋಡಲೇಬೇಕು. ಈ ಸರ್ವಿಸ್ ಯಾವುದನ್ನು ನೆಚ್ಚಿಕೊಂಡಿದೆ, ಇದನ್ನು ನೆಚ್ಚಿಕೊಂಡವು ಯಾವುವು ಎಂಬ ಎರಡೂ ಪಟ್ಟಿಗಳು ಅಲ್ಲಿರುತ್ತವೆ. ಆದರೂ ಆ ಪಟ್ಟಿ ಎಲ್ಲವನ್ನೂ ಹೇಳುವುದಿಲ್ಲ. ಪ್ರಿಂಟರೇ ಇಲ್ಲದ ಗಣಕದಲ್ಲಿ ಮುದ್ರಣದ ಕೆಲಸಗಳನ್ನು ಸಾಲಾಗಿ ನಿಭಾಯಿಸುವ 'ಪ್ರಿಂಟ್ ಸ್ಪೂಲರ್' ಏಕೆಂದು ನಾನೊಮ್ಮೆ ಅದನ್ನು ಡಿಸೇಬಲ್ ಮಾಡಿದ್ದೆ. ಕೆಲವು ದಿನಗಳ ನಂತರ ಒಂದು ಪುಟವನ್ನು ಪಿಡಿಎಫ್ ಆಗಿ ಪ್ರಿಂಟ್ ಮಾಡಹೊರಟರೆ ಅದು ಆಗಲೇ ಇಲ್ಲ. ಕಾಗದವಿಲ್ಲದ ಆ ಮುದ್ರಣವೂ ಸ್ಪೂಲರ್ ಮೂಲಕವೇ ನಡೆಯುತ್ತದೆ ಎಂಬುದು ಆಗ ತಿಳಿಯಿತು.

ಸ್ಟಾರ್ಟಪ್ ಟೈಪ್ ಬದಲಿಸಿದ ಮಾತ್ರಕ್ಕೆ ಓಡುತ್ತಿರುವ ಸರ್ವಿಸ್ ನಿಲ್ಲುವುದಿಲ್ಲ. ಈಗಲೇ ನಿಲ್ಲಬೇಕಾದರೆ 'ಸ್ಟಾಪ್' ಗುಂಡಿಯನ್ನು ಬೇರೆಯಾಗಿ ಒತ್ತಬೇಕು. ಹಾಗೆಯೇ, ಬರೀ 'ಸ್ಟಾಪ್' ಒತ್ತಿದ ಆಟೊಮ್ಯಾಟಿಕ್ ಸರ್ವಿಸ್ ಗಣಕವನ್ನು ರೀಸ್ಟಾರ್ಟ್ ಮಾಡಿದಾಗ ಮತ್ತೆ ಹಾಜರಾಗುತ್ತದೆ.

ಎಲ್ಲಿಂದ ಆರಂಭಿಸಬೇಕೆಂಬ ಗೊಂದಲವಿದ್ದರೆ 'ಸಿಸ್ಟಮ್ ಕಾನ್ಫಿಗರೇಶನ್' ತೆರೆದು, ಸರ್ವಿಸಸ್ ಟ್ಯಾಬಿನಲ್ಲಿ ಮೈಕ್ರೋಸಾಫ್ಟ್ ಸರ್ವಿಸ್‌ಗಳನ್ನು ಮರೆಮಾಡುವ ಚೌಕಕ್ಕೆ ಗುರುತು ಹಾಕಿ. ಉಳಿಯುವುದು ಹೆಚ್ಚಾಗಿ ನಾವೇ ಹಾಕಿಕೊಂಡ ತಂತ್ರಾಂಶಗಳ ಅಪ್‌ಡೇಟರ್‌ಗಳು, ಡ್ರೈವರ್‌ಗಳ ಸಹಾಯಕರು, ಆಂಟಿವೈರಸ್ ಇತ್ಯಾದಿ. ಆಂಟಿವೈರಸ್ ಬಿಟ್ಟು ಉಳಿದವನ್ನು ಒಂದೊಂದಾಗಿ ಪರೀಕ್ಷಿಸಿ. ಹಳೆಯ ಸೆಟ್ಟಿಂಗ್ ಏನಿತ್ತೆಂದು ಬರೆದಿಟ್ಟುಕೊಂಡು, ಒಂದನ್ನು ಬದಲಿಸಿ, ರೀಸ್ಟಾರ್ಟ್ ಮಾಡಿ, ಒಂದೆರಡು ದಿನ ಬಳಸಿ ನೋಡಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಒಮ್ಮೆಗೇ ಐದಾರನ್ನು ನಿಲ್ಲಿಸಿದರೆ ಕೆಟ್ಟದ್ದು ಯಾವುದರಿಂದ ಎಂದು ಹುಡುಕುವುದೇ ಕೆಲಸವಾಗುತ್ತದೆ.

ಗಣಕ ಸರಿಯಾಗಿ ಏಳದಂತಾದರೆ, ಶಿಫ್ಟ್ ಕೀ ಒತ್ತಿಹಿಡಿದು 'ರೀಸ್ಟಾರ್ಟ್' ಕೊಟ್ಟು, ಬರುವ ಮೆನುವಿನಿಂದ, ಅತ್ಯಗತ್ಯವಾದವಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ ಹಳೆಯ ಸೆಟ್ಟಿಂಗನ್ನೇ ಮರಳಿಸಿ. ಕೆಲವು ತಂತ್ರಾಂಶಗಳು ಅಪ್‌ಡೇಟ್ ಆಗುವಾಗ ತಮ್ಮ ಸರ್ವಿಸನ್ನು ತಾವೇ ಮತ್ತೆ ಆಟೊಮ್ಯಾಟಿಕ್ ಮಾಡಿಕೊಳ್ಳುವುದೂ ಉಂಟು. ನಿಲ್ಲಿಸಿದ್ದು ಮತ್ತೆ ಕಾಣಿಸಿಕೊಂಡರೆ ಮೊದಲು ಆ ತಂತ್ರಾಂಶದ ಸೆಟ್ಟಿಂಗ್ಸ್ ಒಳಗೇ ನೋಡಿ.