ಡ್ರಾಪ್‌ಡೌನ್ ಮಿತಿ: ಕೊಟೇಶನ್‌ಗೆ ಮೊದಲೇ ಗಿರಾಕಿಗೆ ತೋರಿಸಿ

ಚಿಕ್ಕಪೇಟೆಯ ಬಟ್ಟೆ ಸಗಟು ಅಂಗಡಿಯೊಂದಕ್ಕೆ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬಿಲ್ಲಿಂಗ್ ಫಾರಂ ಮಾಡಿಕೊಡುತ್ತಿದ್ದೀರಿ ಎಂದುಕೊಳ್ಳಿ. ಮಾಲೀಕರಿಗೆ ಗೂಗಲ್‌ನಲ್ಲಿ ಹುಡುಕಿ ರೂಢಿ. ಪಾರ್ಟಿ (ಮಾಲು ಕೊಳ್ಳುವವರ) ಹೆಸರಿನ ಯಾವ ತುಂಡು ಹೊಡೆದರೂ ಡ್ರಾಪ್‌ಡೌನ್ ಹುಡುಕಿಕೊಡುತ್ತದೆ ಎಂದೇ ಅವರು ನಂಬಿರುತ್ತಾರೆ.

ಮೊದಲು ಅವರ ಪಾರ್ಟಿ ಪಟ್ಟಿಯನ್ನು ಪೂರ್ತಿಯಾಗಿ ಪಡೆಯಿರಿ. ಇಪ್ಪತ್ತು ಹೆಸರಿನ ಸ್ಯಾಂಪಲ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಇಡೀ ಪಟ್ಟಿ ತುಂಬಿದ ಕಾಂಬೋ ಬಾಕ್ಸನ್ನು (ಆಕ್ಸೆಸ್‌ನಲ್ಲಿ ಡ್ರಾಪ್‌ಡೌನ್‌ಗೆ ಇದೇ ಹೆಸರು) ಅಂಗಡಿಯ ಕಂಪ್ಯೂಟರಿನಲ್ಲೇ ತೆರೆದು, ಬಿಲ್ ಹಾಕುವವರ ಕೈಯಿಂದಲೇ ಟೈಪ್ ಮಾಡಿಸಿ. ‘ಮಂಜು’ ಎಂದು ಹೊಡೆದರೆ ‘ಮಂಜುನಾಥ ಕೆ.’ ಸಿಗುತ್ತದೆ, ‘ಕೆ. ಮಂಜುನಾಥ’ ಸಿಗುವುದಿಲ್ಲ. ಕಾಂಬೋ ಬಾಕ್ಸ್ ಹೊಂದಿಸಿ ನೋಡುವುದು ಮೊದಲು ಕಾಣುವ ಕಾಲಂ ಒಂದನ್ನೇ, ಅದೂ ಹೆಸರಿನ ಶುರುವಿನಿಂದ. ಪಕ್ಕದ ಕಾಲಂನಲ್ಲಿ ಫೋನ್ ನಂಬರ್ ಕಂಡರೂ ಅದನ್ನು ಹೊಡೆದು ಹುಡುಕಲಾಗದು. ಇನಿಷಿಯಲ್ಲನ್ನು ಒಬ್ಬರು ಹಿಂದೆ, ಒಬ್ಬರು ಮುಂದೆ ಬರೆಯುವ ನಮ್ಮಲ್ಲಿ ಇದೇ ದೊಡ್ಡ ತೊಡಕು. ಎಲ್ಲ ಇನಿಷಿಯಲ್‌ಗಳನ್ನೂ ಕೊನೆಗೆ ತಂದುಬಿಟ್ಟರೆ ಕೋಡ್ ಬರೆಯದೆಯೇ ಎಷ್ಟೋ ದೂರು ತಪ್ಪುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದ ಹೆಸರುಗಳಿದ್ದರೆ ಯೂನಿಕೋಡ್‌ಗೆ ಬದಲಿಸಿ. ಇಲ್ಲವಾದರೆ ಅವು ಹುಡುಕಾಟಕ್ಕೆ ಸಿಗುವುದೇ ಇಲ್ಲ.

ಆಗ ಮಾಲೀಕರಿಗೆ ನೇರವಾಗಿ ಹೇಳಿ: “ಸಾರ್, ಇದು ಹೆಸರಿನ ಶುರುವಿನಿಂದ ಮಾತ್ರ ಹುಡುಕುತ್ತೆ. ನಡುವಿನಿಂದಲೂ ಬೇಕು ಅಂದ್ರೆ ಬೇರೆ ಬಾಕ್ಸ್ ಮಾಡಬೇಕು, ಅದಕ್ಕೆ ಬೇರೆ ಚಾರ್ಜ್.”

ಒಪ್ಪಿದರೆ ಒಂದು ಟೆಕ್ಸ್ಟ್ ಬಾಕ್ಸ್, ಅದರ ಕೆಳಗೆ ಲಿಸ್ಟ್ ಬಾಕ್ಸ್ ಇಡಿ. ಪ್ರತಿ ಅಕ್ಷರ ಹೊಡೆದಾಗಲೂ ನಡೆಯುವ ಚೇಂಜ್ ಇವೆಂಟಿನಲ್ಲಿ, ಬಾಕ್ಸಿನಲ್ಲಿ ಆಗ ಕಾಣುವ ‘ಟೆಕ್ಸ್ಟ್’ ಓದಿ. ಬಾಕ್ಸ್ ಉಳಿಸಿಕೊಂಡ ‘ವ್ಯಾಲ್ಯೂ’ ಆ ಹೊತ್ತಿಗೆ ಇನ್ನೂ ಹಳೆಯದೇ ಆಗಿರುತ್ತದೆ. ಹೊಡೆದದ್ದರ ಎರಡೂ ಕಡೆ ನಕ್ಷತ್ರ ಚಿಹ್ನೆ (*, ಅಲ್ಲಿ ಏನಿದ್ದರೂ ಸರಿ ಎಂಬರ್ಥ) ಸೇರಿಸಿ ‘ಲೈಕ್’ ಷರತ್ತಿನಿಂದ ಲಿಸ್ಟ್ ಬಾಕ್ಸಿನ ರೋ ಸೋರ್ಸ್, ಅಂದರೆ ಪಟ್ಟಿಯ ಮೂಲ, ಬದಲಿಸಿ. ಮೊದಲ ಅಕ್ಷರಕ್ಕೇ ಹುಡುಕಾಟ ಶುರುವಾದರೆ ಫಾರಂ ತಡವರಿಸುತ್ತದೆ, ಇಂಗ್ಲಿಷ್ ಹೆಸರಿಗೆ 3 ಅಕ್ಷರ ಬೀಳುವವರೆಗೆ ಕಾಯಿಸಿ. ಕನ್ನಡಕ್ಕೆ ಈ ಲೆಕ್ಕ ಹೊಂದುವುದಿಲ್ಲ: ‘ಲಕ್ಷ್ಮಿ’ ನಮಗೆ 2 ಅಕ್ಷರ, ಕಂಪ್ಯೂಟರಿಗೆ 7. ಹಾಗಾಗಿ ಕನ್ನಡ ಪಟ್ಟಿಗೆ 5 ಇಡುವುದು ಮೇಲು. ಹೊಡೆದದ್ದರ ಆರಂಭದಲ್ಲೇ ನಕ್ಷತ್ರ ಬಂದಾಗ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ನೆರವಿಗೆ ಬಾರದು, ಇಡೀ ಟೇಬಲ್ ಓದಬೇಕಾಗುತ್ತದೆ. ಡೇಟಾ ಫೈಲು ನೆಟ್‌ವರ್ಕಿನ ಇನ್ನೊಂದು ಕಂಪ್ಯೂಟರಿನಲ್ಲಿದ್ದರೆ ಆ ತಡ ಗಿರಾಕಿಯ ಕಣ್ಣಿಗೆ ಬೀಳುತ್ತದೆ. ಇದನ್ನೂ ಮೊದಲೇ ತಿಳಿಸಿ.

ಕೊಟೇಶನ್‌ನಲ್ಲಿ ‘ಸರ್ಚ್ ಸೌಲಭ್ಯ’ ಎಂದಷ್ಟೇ ಬರೆದರೆ ಜಗಳ ಕಟ್ಟಿಟ್ಟದ್ದು. ಯಾವ ಕಾಲಂ, ಶುರುವಿನಿಂದಲೋ ನಡುವಿನಿಂದಲೋ, ಎಷ್ಟು ಅಕ್ಷರದ ನಂತರ ಎಂಬುದನ್ನು ಬರೆಯಿರಿ. ಡೆಮೊದಲ್ಲಿ ಸಿಕ್ಕ ಮತ್ತು ಸಿಗದ ಹೆಸರುಗಳನ್ನೇ ಉದಾಹರಣೆಯಾಗಿ ಕೆಳಗೆ ಕೊಟ್ಟು, ಅಲ್ಲೇ ಮಾಲೀಕರ ಸಹಿ ಪಡೆಯಿರಿ.